ಮೊದಲು ನೆಲ, ಆಮೇಲೆ ಕಾವಲುಗಾರ

ವಿಡಿಯೋ ಗೇಮ್ ಅಂಕಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಬಗೆಯ ಆಟಗಳಿಗೆ ಸಂಬಂಧಿಸಿವೆ. ಕಾಡು, ಕೆಸರು, ಬೆಟ್ಟ, ಹೊಳೆಗಳ ನಡುವೆ ಶತ್ರುವಿನ ಕಣ್ಣಿಗೆ ಬೀಳದೆ ಸಾಗಬೇಕಾದ, ಅದರ ಜೊತೆಗೆ ಹಸಿವು, ದಣಿವು, ಗಾಯಗಳನ್ನೂ ಸಂಭಾಳಿಸಬೇಕಾದ ಆಟಗಳು ಇವು. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಪತ್ರಗಳು ‘ಮೆಟಲ್ ಗಿಯರ್ ಸಾಲಿಡ್ 3: ಸ್ನೇಕ್ ಈಟರ್’ ಕುರಿತು ಬಂದಿವೆ. ಹಿದೆಯೊ ಕೊಜಿಮಾ ನಿರ್ದೇಶನದ ಈ ಆಟವನ್ನು ಕೊನಾಮಿ ಸಂಸ್ಥೆ 2004ರಲ್ಲಿ ಪ್ಲೇಸ್ಟೇಷನ್ 2ಕ್ಕಾಗಿ ಹೊರತಂದಿತ್ತು. 2025ರ ಆಗಸ್ಟ್‌ನಲ್ಲಿ ಅದೇ ಆಟ ‘ಡೆಲ್ಟಾ’ ಎಂಬ ಹೆಸರನ್ನು ಸೇರಿಸಿಕೊಂಡು ಹೊಸ ಚಿತ್ರಣದೊಂದಿಗೆ ಬಂದಿದೆ. ಕಥೆ ನಡೆಯುವುದು 1964ರಲ್ಲಿ, ಸೋವಿಯತ್ ಒಕ್ಕೂಟದ ಒಂದು ಕಾಡಿನಲ್ಲಿ. ಸ್ನೇಕ್ ಎಂಬ ಹೆಸರಿನ ಅಮೆರಿಕದ ಸೈನಿಕನೊಬ್ಬ ಆ ಕಾಡಿಗೆ ಒಬ್ಬನೇ ಇಳಿಯುತ್ತಾನೆ. ಹಾವು, ಮೀನು, ಅಣಬೆ ಸಿಕ್ಕಿದ್ದನ್ನು ತಿಂದು, ಗಾಯಕ್ಕೆ ತಾನೇ ಹೊಲಿಗೆ ಹಾಕಿಕೊಂಡು ಮುಂದೆ ಸಾಗುತ್ತಾನೆ.

ಪ್ರಶ್ನೆಗಳು ಮೇಲ್ನೋಟಕ್ಕೆ ಬೇರೆ ಬೇರೆಯಾಗಿ ಕಂಡರೂ ಅವುಗಳ ಮೂಲ ಒಂದೇ ಎಂದು ನನಗನ್ನಿಸಿತು. ಬರೆದವರೆಲ್ಲರೂ ಕಾವಲುಗಾರರನ್ನು ಬಹಳ ಚೆನ್ನಾಗಿ ಗಮನಿಸಿದ್ದಾರೆ, ಕಾಲ ಕೆಳಗಿನ ನೆಲವನ್ನು ಮಾತ್ರ ಗಮನಿಸಿಲ್ಲ. ಒಂದೇ ಬಗೆಯ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇನೆ.

*

ಪ್ರಶ್ನೆ: ಹಸಿರು ಹುಲ್ಲಿನಲ್ಲಿ ಸ್ನೇಕ್‌ಗೆ ಎಲೆ ಚಿತ್ತಾರದ ಬಟ್ಟೆಯನ್ನೇ ತೊಡಿಸಿರುತ್ತೇನೆ. ಎಷ್ಟು ಮರೆಯಾಗಿದ್ದೇನೆ ಎಂಬುದನ್ನು ತಿಳಿಸುವ ಸಂಖ್ಯೆ ತೆರೆಯ ಮೂಲೆಯಲ್ಲಿ ಶೇಕಡಾ 80 ಎಂದು ಕಾಣುತ್ತಿರುತ್ತದೆ. ಆದರೂ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಕಾವಲುಗಾರ ನನ್ನನ್ನು ಕಂಡುಬಿಡುತ್ತಾನೆ. ಆ ಸಂಖ್ಯೆಯನ್ನು ನಂಬಬಹುದೇ, ಸರ್?
— ಇಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ನಂಬಬಹುದು, ಆದರೆ ಅದು ಆ ಕ್ಷಣದ ಮಟ್ಟಿಗೆ ಮಾತ್ರ ನಿಜವಾದ ಸಂಖ್ಯೆ ಎಂಬುದನ್ನು ಮರೆಯಬಾರದು. ನೀವು ಅಲುಗಾಡದೆ ಹೊಟ್ಟೆಯ ಮೇಲೆ ಮಲಗಿದ್ದಾಗ ಕಂಡ 80, ಎದ್ದು ನಿಂತ ಕೂಡಲೇ ಇಳಿಯುತ್ತದೆ. ಓಡಿದರೆ ಇನ್ನೂ ಕೆಳಗೆ ಬೀಳುತ್ತದೆ. ಆ ಲೆಕ್ಕ ಮೂರು ಸಂಗತಿಗಳ ಮೇಲೆ ನಿಂತಿದೆ. ತೊಟ್ಟ ಬಟ್ಟೆ ಮತ್ತು ಮುಖಕ್ಕೆ ಬಳಿದ ಬಣ್ಣ ನೀವಿರುವ ನೆಲಕ್ಕೆ, ಇಲ್ಲವೇ ನೀವು ಒರಗಿದ ಮರಕ್ಕೆ ಅಥವಾ ಗೋಡೆಗೆ ಎಷ್ಟು ಹೊಂದುತ್ತವೆ ಎಂಬುದು ಮೊದಲನೆಯದು, ಮೈ ನಿಂತಿದೆಯೋ, ಬಾಗಿದೆಯೋ, ಮಲಗಿದೆಯೋ ಎಂಬುದು ಎರಡನೆಯದು, ಚಲನೆ ಮೂರನೆಯದು. ನಮ್ಮಲ್ಲಿ ಹೆಚ್ಚಿನವರು ಮೊದಲನೆಯದನ್ನು ಸರಿಮಾಡಿಕೊಂಡು ಉಳಿದೆರಡನ್ನು ಬಿಟ್ಟುಬಿಡುತ್ತೇವೆ. ನೆಲಕ್ಕೆ ಹೊಂದದ ಬಟ್ಟೆ ತೊಟ್ಟು ಎದ್ದು ಓಡಿದರೆ ಆ ಸಂಖ್ಯೆ ಸೊನ್ನೆಗಿಂತಲೂ ಕೆಳಗಿಳಿಯುತ್ತದೆ, ಅಂದರೆ ಕಾಣಿಸಿಕೊಳ್ಳಲೆಂದೇ ಬಂದವನಂತೆ ಕಾಣುತ್ತೀರಿ.

ನೀವು ಸಿಕ್ಕಿಬೀಳುತ್ತಿರುವ ಜಾಗ ಯಾವುದೆಂದು ಪತ್ರದಲ್ಲಿ ಹೇಳಿಲ್ಲ. ಆದರೆ ‘ಹತ್ತು ಹೆಜ್ಜೆ’ ಎಂಬ ನಿಮ್ಮ ಮಾತಿನಿಂದ ಊಹಿಸಬಹುದು. ಅದು ಹುಲ್ಲು ಮುಗಿದು ಬರಿ ಮಣ್ಣು ಆರಂಭವಾಗುವ ಅಂಚು. ಈ ಆಟದಲ್ಲಿ ಸಿಕ್ಕಿಬೀಳುವವರಲ್ಲಿ ಬಹುಪಾಲು ಜನ ಸಿಕ್ಕಿಬೀಳುವುದು ಅಂಚುಗಳಲ್ಲಿಯೇ: ಹುಲ್ಲಿನಿಂದ ಮಣ್ಣಿಗೆ, ಮರದ ನೆರಳಿನಿಂದ ಬಯಲಿಗೆ, ಮಣ್ಣಿನಿಂದ ಸಿಮೆಂಟ್ ನೆಲಕ್ಕೆ ದಾಟುವಾಗ. ಹುಲ್ಲಿಗೆ ಹೊಂದಿದ ಬಟ್ಟೆ ಒಂದು ಮಾರು ದೂರದಲ್ಲಿ ಕಂದು ಮಣ್ಣಿನ ಮೇಲೆ ಎದ್ದು ಕಾಣುತ್ತದೆ. ಆದ್ದರಿಂದ ಬಟ್ಟೆಯನ್ನು ಅಂಚು ದಾಟಿದ ಮೇಲೆ ಬದಲಿಸುವುದಲ್ಲ, ದಾಟುವ ಮೊದಲೇ, ಇನ್ನೂ ಹುಲ್ಲಿನ ಒಳಗೆ ಮಲಗಿರುವಾಗಲೇ ಬದಲಿಸಬೇಕು. ಹಳೆಯ ಆಟದಲ್ಲಿ ಪ್ರತಿ ಸಲವೂ ಮೆನುವಿಗೆ ಹೋಗಿ ಬರಬೇಕಾಗಿದ್ದರಿಂದ ಆಟಗಾರರು ಬೇಸತ್ತು ಒಂದೇ ಬಟ್ಟೆಯಲ್ಲಿ ಇಡೀ ಕಾಡನ್ನು ದಾಟಲು ನೋಡುತ್ತಿದ್ದರು. ಹೊಸ ಆವೃತ್ತಿಯಲ್ಲಿ ಆ ಮೆನುವಿಗೆ ಹೋಗದೆಯೇ ಬೇಗನೆ ಬಟ್ಟೆ ಬದಲಿಸುವ ಅನುಕೂಲವಿದೆ. ಅದನ್ನು ಧಾರಾಳವಾಗಿ ಬಳಸಿಕೊಳ್ಳಿ.

ಚಲನೆಯ ಬಗ್ಗೆ ಒಂದು ಅನುಭವ ಹೇಳಬೇಕು. ಕೆಲವು ವರ್ಷಗಳ ಹಿಂದೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೆ ಹೋಗಿದ್ದಾಗ, ಜೊತೆಗಿದ್ದ ಅರಣ್ಯ ಸಿಬ್ಬಂದಿಯೊಬ್ಬರು ಕೈ ಅಡ್ಡ ಹಿಡಿದು ನನ್ನನ್ನು ನಿಲ್ಲಿಸಿದರು. ಅವರು ಬೆರಳು ಮಾಡಿದ ಕಡೆ ನನಗೆ ಕಂಡದ್ದು ಒಣ ಹುಲ್ಲು ಮಾತ್ರ. ಕಣ್ಣು ಕೀಲಿಸಿ ನೋಡಿದ ಮೇಲೆ ಆ ಹುಲ್ಲಿನೊಳಗೆ ಒಂದು ಕಪ್ಪು ಕಣ್ಣು ಕಂಡಿತು, ಆಮೇಲೆ ಕಿವಿಯ ಅಂಚು, ಆಮೇಲೆ ಕತ್ತನ್ನು ನೆಲಕ್ಕೆ ಚಾಚಿಕೊಂಡು ಮಲಗಿದ ಇಡೀ ಮರಿ. ನನ್ನಿಂದ ಅದು ನಾಲ್ಕು ಹೆಜ್ಜೆ ದೂರದಲ್ಲಿತ್ತು. ಹುಟ್ಟಿದ ಮೊದಲ ದಿನಗಳಲ್ಲಿ ಕೃಷ್ಣಮೃಗದ ಮರಿಗಳು ಹೀಗೆಯೇ ಹುಲ್ಲಿನಲ್ಲಿ ಅಡಗಿರುತ್ತವೆ. ತಾಯಿ ದೂರದಲ್ಲಿ ಮೇಯುತ್ತಿರುತ್ತದೆ. ಆ ಮರಿಯ ಬಣ್ಣ ಹುಲ್ಲಿಗೆ ಹೊಂದಿತ್ತು ನಿಜ, ಆದರೆ ಅದನ್ನು ನನ್ನ ಕಣ್ಣಿನಿಂದ ಮರೆಮಾಡಿದ್ದು ಬಣ್ಣಕ್ಕಿಂತ ಹೆಚ್ಚಾಗಿ ಅದರ ನಿಶ್ಚಲತೆ. ಒಂದು ಸಲ ಅದು ಕಿವಿ ಕೊಡವಿತು. ಆ ಮೇಲೆ ಎಷ್ಟು ಪ್ರಯತ್ನಿಸಿದರೂ ಅದನ್ನು ಕಾಣದಿರಲು ನನ್ನಿಂದ ಆಗಲಿಲ್ಲ. ಆಟದಲ್ಲಿ ಕಾವಲುಗಾರ ನಿಮ್ಮ ಕಡೆಗೆ ಮುಖ ಮಾಡಿದಾಗ ಓಡಿ ಪಾರಾಗುವ ಆಸೆಯನ್ನು ಹತ್ತಿಕ್ಕಿ, ಹಾಗೆಯೇ ಮಲಗಿರಿ. ಸಂಖ್ಯೆ 80ಕ್ಕಿಂತ ಮೇಲಿದ್ದರೆ ಅವನು ನಿಮ್ಮ ತೀರ ಹತ್ತಿರದಿಂದಲೇ ಹಾದುಹೋಗುವುದನ್ನು ನೋಡುತ್ತೀರಿ.

*

ಪ್ರಶ್ನೆ: ಆಟದ ಆರಂಭದಲ್ಲಿಯೇ ಬರುವ ದ್ರೆಮುಚಿ ಜೌಗಿನಲ್ಲಿ ಮೂರು ಸಲ ಮುಳುಗಿ ಸತ್ತಿದ್ದೇನೆ. ಅಲ್ಲಿ ಶತ್ರುಗಳೇ ಇಲ್ಲ, ಆದರೂ ದಾಟಲಾಗುತ್ತಿಲ್ಲ. ದಾರಿ ತೋರಿಸಿ.
— ಓದುಗರು, ಬೆಟಗೇರಿ, ಗದಗ

ಉತ್ತರ: ಗದಗ ಸೀಮೆಯವರಾದ ನಿಮಗೆ ಕೆಸರಿನ ಸ್ವಭಾವವನ್ನು ನಾನು ಹೊಸದಾಗಿ ಹೇಳಬೇಕಾಗಿಲ್ಲ. ಒಂದು ದೊಡ್ಡ ಮಳೆ ಬಿದ್ದ ಮರುದಿನ ಎರೆ ಹೊಲಕ್ಕೆ ಕಾಲಿಟ್ಟರೆ ಏನಾಗುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ. ಮೊದಲ ಹೆಜ್ಜೆಗೆ ಚಪ್ಪಲಿಗೆ ಒಂದು ಪದರ ಮಣ್ಣು ಮೆತ್ತುತ್ತದೆ, ಐದನೆಯ ಹೆಜ್ಜೆಗೆ ಚಪ್ಪಲಿ ಇಟ್ಟಿಗೆಯಷ್ಟು ಭಾರವಾಗುತ್ತದೆ, ಹತ್ತನೆಯದಕ್ಕೆ ಕಾಲು ಬರುತ್ತದೆ, ಚಪ್ಪಲಿ ಅಲ್ಲಿಯೇ ಉಳಿಯುತ್ತದೆ. ಹೊಲದಲ್ಲಿ ಹುಟ್ಟಿ ಬೆಳೆದವರು ಅಂಥ ದಿನ ಹೊಲದ ನಡುವೆ ಇಳಿಯುವುದಿಲ್ಲ. ಹುಲ್ಲಿನ ಬೇರು ಮಣ್ಣನ್ನು ಹಿಡಿದಿಟ್ಟಿರುವ ಬದುವಿನ ಮೇಲೆ ಸುತ್ತಿ ಹೋಗುತ್ತಾರೆ. ದ್ರೆಮುಚಿಯಲ್ಲಿಯೂ ಅದೇ ಕ್ರಮ. ಇಳಿಯುವ ಮೊದಲು ದಡದಲ್ಲಿ ನಿಂತು, ಸ್ನೇಕ್‌ನ ಕಣ್ಣಿನಿಂದಲೇ ಕಾಣುವ ನೋಟಕ್ಕೆ ಬದಲಾಯಿಸಿಕೊಂಡು, ಎಲ್ಲಿ ಮರಗಳ ಬುಡ ಮತ್ತು ಗಟ್ಟಿ ನೆಲ ಕಾಣುತ್ತದೆ ಎಂಬುದನ್ನು ನೋಡಿ ಗುರುತು ಇಟ್ಟುಕೊಳ್ಳಿ. ಒಂದು ಗಟ್ಟಿ ನೆಲದಿಂದ ಇನ್ನೊಂದಕ್ಕೆ ಆದಷ್ಟು ಕಡಿಮೆ ದೂರ ಕೆಸರಿನಲ್ಲಿ ಸಾಗುವಂತೆ ದಾರಿ ಆರಿಸಿ. ಆಳದ ಭಾಗದಲ್ಲಿ ನಿಂತು ಯೋಚಿಸಬೇಡಿ. ಅಲ್ಲಿ ತಡಮಾಡಿದರೆ ಕೆಸರು ಸ್ನೇಕ್‌ನನ್ನು ಪೂರ್ತಿ ಒಳಗೆ ಎಳೆದುಕೊಳ್ಳುತ್ತದೆ. ನೀವು ಮೂರು ಸಲ ಸತ್ತದ್ದೂ ಬಹುಶಃ ನಡುವೆ ನಿಂತು ದಾರಿ ಹುಡುಕಿದ್ದರಿಂದಲೇ.

ಅಲ್ಲಿ ಶತ್ರುಗಳಿಲ್ಲ ಎಂದಿದ್ದೀರಿ. ಸೈನಿಕರಿಲ್ಲ, ಆದರೆ ಮೊಸಳೆ ಜಾತಿಯ ಪ್ರಾಣಿಗಳಿವೆ. ಅವುಗಳ ಬಾಲ ಮತ್ತು ಬಾಯಿ ಎರಡರಿಂದಲೂ ದೂರವಿರಿ. ಜೌಗಿನಲ್ಲಿ ಅಂಟಿಕೊಳ್ಳುವ ಜಿಗಣೆಗಳನ್ನು ಹಾಗೆಯೇ ಬಿಟ್ಟರೆ ಸ್ನೇಕ್‌ನ ತ್ರಾಣ ಕುಂದುತ್ತಾ ಹೋಗುತ್ತದೆ. ಚಿಕಿತ್ಸೆಯ ಮೆನುವಿಗೆ ಹೋಗಿ ಹೊತ್ತಿಸಿದ ಸಿಗಾರ್ ತಾಗಿಸಿದರೆ ಅವು ಕಳಚಿ ಬೀಳುತ್ತವೆ. ಈ ತ್ರಾಣದ ಸಂಗತಿಯನ್ನು ಹಗುರವಾಗಿ ಕಾಣಬೇಡಿ. ತ್ರಾಣ ತೀರ ಕುಂದಿದಾಗ ಸ್ನೇಕ್‌ನ ಹೊಟ್ಟೆ ಗುರುಗುಟ್ಟುತ್ತದೆ, ಅದು ಪಕ್ಕದ ಪೊದೆಯಲ್ಲಿರುವ ಕಾವಲುಗಾರನ ಕಿವಿಗೂ ಬೀಳಬಹುದು. ಕೆಸರಿನಲ್ಲಿ ಮಾಡಿದ ಒಂದು ತಪ್ಪಿನ ಬೆಲೆಯನ್ನು ನೀವು ಮುಂದಿನ ಒಣ ನೆಲದಲ್ಲಿ ತೆರುತ್ತೀರಿ.

*

ಪ್ರಶ್ನೆ: ಕಾವಲುಗಾರನ ಬೆನ್ನ ಹಿಂದೆ ಇರುತ್ತೇನೆ, ಸುತ್ತ ಎತ್ತರದ ಹುಲ್ಲೂ ಇರುತ್ತದೆ. ಆದರೂ ಅವನು ತಟ್ಟನೆ ತಿರುಗುತ್ತಾನೆ. ಕಾಣದೆ ಇರುವವಳನ್ನು ಅವನು ಹೇಗೆ ಕಂಡುಹಿಡಿಯುತ್ತಾನೆ? ನಮ್ಮಣ್ಣ ಆಡುವಾಗ ಹೀಗೆ ಆಗುವುದಿಲ್ಲ, ಕೇಳಿದರೆ ‘ಮೆಲ್ಲಗೆ ಹೋಗು’ ಎಂದಷ್ಟೇ ಹೇಳುತ್ತಾನೆ.
— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಸಾಧನಕೇರಿ, ಧಾರವಾಡ

ಉತ್ತರ: ನಿಮ್ಮ ಅಣ್ಣ ಹೇಳಿದ್ದು ಸರಿಯಾಗಿದೆ, ಆದರೆ ಅರ್ಧಕ್ಕೆ ನಿಲ್ಲಿಸಿದ್ದಾರೆ. ಕಾವಲುಗಾರ ನಿಮ್ಮನ್ನು ಕಂಡಿಲ್ಲ, ನಿಮ್ಮ ಸದ್ದನ್ನು ಕೇಳಿದ್ದಾನೆ. ಹುಲ್ಲು ಕಣ್ಣಿಗೆ ಮರೆ, ಕಿವಿಗೆ ಮರೆಯಲ್ಲ. ಅಷ್ಟೇ ಅಲ್ಲ, ಎತ್ತರದ ಹುಲ್ಲಿನಲ್ಲಿ ಬೇಗನೆ ಸಾಗಿದರೆ ಸರಬರ ಸದ್ದು ಬರಿ ನೆಲದಲ್ಲಿ ನಡೆದಾಗಿನದಕ್ಕಿಂತ ಹೆಚ್ಚೇ ಆಗುತ್ತದೆ.

ಬೇಸಿಗೆಯಲ್ಲಿ ಕಲಘಟಗಿಯ ಕಡೆ ಸಾಗುವಾನಿ ಕಾಡಿನೊಳಗೆ ಹೋಗಿದ್ದೀರಾದರೆ ನಾನು ಹೇಳುವುದು ನಿಮಗೆ ಕೂಡಲೇ ತಿಳಿಯುತ್ತದೆ. ಫೆಬ್ರವರಿ-ಮಾರ್ಚ್ ಹೊತ್ತಿಗೆ ಆ ಅಗಲವಾದ ಎಲೆಗಳು ಉದುರಿ, ಒಣಗಿ, ಹಪ್ಪಳದಂತೆ ಗರಿಗರಿಯಾಗಿ ನೆಲ ತುಂಬ ಹಾಸಿಕೊಂಡಿರುತ್ತವೆ. ಒಂದು ಓತಿಕ್ಯಾತ ಓಡಿದರೂ ದನ ಬಂದಂತೆ ಸದ್ದಾಗುತ್ತದೆ. ಅದೇ ದಾರಿಯಲ್ಲಿ ಜುಲೈ ತಿಂಗಳಿನಲ್ಲಿ ಹೋದರೆ ಎಲೆಗಳು ನೆನೆದು ಮೆತ್ತಗಾಗಿ, ಮನುಷ್ಯ ಪಕ್ಕಕ್ಕೆ ಬಂದು ನಿಲ್ಲುವವರೆಗೂ ಗೊತ್ತಾಗುವುದಿಲ್ಲ. ಕಾಡು ಒಂದೇ, ಮರಗಳು ಅವೇ, ಕಾಲ ಕೆಳಗಿನ ನೆಲದ ಗುಣ ಮಾತ್ರ ಬದಲಾಗಿದೆ. ಆಟ ತಯಾರಿಸುವವರು ಈ ಸೂಕ್ಷ್ಮವನ್ನು ಬಹಳ ಹಿಂದೆಯೇ ಹಿಡಿದಿದ್ದಾರೆ. 1998ರಲ್ಲಿ ಲುಕಿಂಗ್ ಗ್ಲಾಸ್ ಸ್ಟುಡಿಯೋಸ್ ತಯಾರಿಸಿದ ‘ಥೀಫ್: ದಿ ಡಾರ್ಕ್ ಪ್ರಾಜೆಕ್ಟ್’ ಆಟದಲ್ಲಿ ರತ್ನಗಂಬಳಿಯ ಮೇಲೆ, ಹುಲ್ಲಿನ ಮೇಲೆ ಹೆಜ್ಜೆ ಸದ್ದು ಅಡಗುತ್ತಿತ್ತು, ಹೆಂಚಿನ ನೆಲ, ಲೋಹದ ತಗಡಿನ ಮೇಲೆ ಠಣಠಣ ಎನ್ನುತ್ತಿತ್ತು. ದಾಟಲೇಬೇಕಾದ ಕಡೆ ಸದ್ದಿನ ನೆಲ ಎದುರಾದರೆ, ಪಾಚಿಯನ್ನು ಹಾಸುವ ಒಂದು ವಿಶೇಷ ಬಾಣವನ್ನು ಅಲ್ಲಿಗೆ ಬಿಟ್ಟು, ಆ ಪಾಚಿಯ ಮೇಲೆ ಕಾಲಿಟ್ಟು ಹೋಗಬಹುದಿತ್ತು. ನೆಲವನ್ನೇ ಬದಲಿಸಿಕೊಳ್ಳುವ ಆ ಕಲ್ಪನೆಗೆ ಸರಿಸಾಟಿಯಾದದ್ದನ್ನು ನಾನು ಇಂದಿಗೂ ಹೆಚ್ಚು ಕಂಡಿಲ್ಲ. 2005ರ ‘ಸ್ಪ್ಲಿಂಟರ್ ಸೆಲ್: ಕೇಯಾಸ್ ಥಿಯರಿ’ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನಿಮ್ಮ ಸದ್ದು ಎಷ್ಟು, ಸುತ್ತಲಿನ ಸದ್ದು ಎಷ್ಟು ಎಂಬ ಎರಡನ್ನೂ ಒಂದೇ ಮಾಪಕದಲ್ಲಿ ತೋರಿಸಿತು. ಮಳೆ ಸುರಿಯುವಾಗ, ಯಂತ್ರ ಓಡುತ್ತಿರುವಾಗ ನಿಮ್ಮ ಹೆಜ್ಜೆ ಸದ್ದು ಅದರೊಳಗೆ ಮುಳುಗಿಹೋಗುತ್ತದೆ.

‘ಸ್ನೇಕ್ ಈಟರ್’ನಲ್ಲಿ ಅಂಥ ಮಾಪಕವಿಲ್ಲ, ಆದ್ದರಿಂದ ಕಿವಿಯನ್ನೇ ನಂಬಬೇಕು. ಟಿ.ವಿ.ಯ ಸದ್ದು ತಗ್ಗಿಸಿ ಆಡುವ ಅಭ್ಯಾಸವಿದ್ದರೆ ಬಿಡಿ. ಮನೆಯಲ್ಲಿ ಓದುವವರಿದ್ದರೆ ಹೆಡ್‌ಫೋನ್ ಹಾಕಿಕೊಳ್ಳಿ. ನಿಮ್ಮ ಹೆಜ್ಜೆಯ ಸದ್ದು ನಿಮಗೆ ಕೇಳುತ್ತಿದೆ ಎಂದಾದರೆ ಅವನಿಗೂ ಕೇಳುತ್ತಿದೆ ಎಂದೇ ತಿಳಿಯಿರಿ. ಹಳೆಯ ಆಟದಲ್ಲಿ ಕಂಟ್ರೋಲರಿನ ದಿಕ್ಕಿನ ಗುಂಡಿಗಳನ್ನು ಒತ್ತಿ ನಡೆದರೆ ಸ್ನೇಕ್ ಸದ್ದಿಲ್ಲದೆ ಹೆಜ್ಜೆ ಇಡುತ್ತಿದ್ದ. ಬಾಗಿಕೊಂಡು ನಡೆಯುವ ಅನುಕೂಲ ಆಗ ಇರಲಿಲ್ಲ. ಅದು 2012ರಲ್ಲಿ ನಿಂಟೆಂಡೊ 3ಡಿಎಸ್‌ಗಾಗಿ ಬಂದ ಆವೃತ್ತಿಯಲ್ಲಿ ಸೇರಿತು, ಡೆಲ್ಟಾದಲ್ಲಿಯೂ ಇದೆ. ದೂರವನ್ನು ಬಾಗಿ ನಡೆದು ಕಳೆಯಿರಿ, ಕೊನೆಯ ಹತ್ತು ಹೆಜ್ಜೆಗಳನ್ನು ಮಾತ್ರ ಅತಿ ನಿಧಾನವಾಗಿ ಇಡಿ. ನಿಮ್ಮಣ್ಣ ಆಡುವಾಗ ಒಂದು ಸಲ ಪಕ್ಕದಲ್ಲಿ ಕುಳಿತು, ತೆರೆಯನ್ನು ನೋಡುವ ಬದಲು ಅವರ ಹೆಬ್ಬೆರಳನ್ನು ನೋಡಿ. ಕೊನೆಯ ಆ ಹತ್ತು ಹೆಜ್ಜೆಗಳಲ್ಲಿ ಅದು ಎಷ್ಟು ಹಗುರವಾಗುತ್ತದೆ ಎಂಬುದು ಕಾಣುತ್ತದೆ.

*

ಪ್ರಶ್ನೆ: ‘ಸ್ನೇಕ್ ಈಟರ್’ನ ದೊಲಿನೊವೊದ್ನೊ ಎಂಬ ಹಗ್ಗದ ಸೇತುವೆಯ ಮೇಲೆ ಯಾವ ಬಟ್ಟೆ ತೊಡಬೇಕು?
— ಓದುಗರು, ಬ್ಯಾಡಗಿ

ಉತ್ತರ: ಯಾವುದನ್ನು ತೊಟ್ಟರೂ ಹೆಚ್ಚು ಪ್ರಯೋಜನವಿಲ್ಲ. ಕಂದರದ ಮೇಲೆ ತೂಗಾಡುವ ಹಲಗೆಗಳ ಮೇಲೆ ಮರೆಯೇ ಇಲ್ಲದಿರುವಾಗ ಬಣ್ಣದಿಂದ ಏನಾದೀತು? ಅಲ್ಲಿ ದಾಟುವ ಮೊದಲೇ ಕಾವಲುಗಾರರನ್ನು ನಿಭಾಯಿಸಬೇಕು. ಸುತ್ತಲೂ ಕಣ್ಣಾಡಿಸಿದರೆ ಕಣಜದ ಗೂಡೊಂದು ತೂಗುತ್ತಿರುವುದು ಕಾಣುತ್ತದೆ. ಅದಕ್ಕೆ ಗುರಿಯಿಟ್ಟು ಕೆಡವಿದರೆ ಕಣಜಗಳು ಕಾವಲುಗಾರರನ್ನು ಮುತ್ತುತ್ತವೆ. ಅವರು ಗೊಂದಲದಲ್ಲಿರುವಾಗ ದಾಟಿಬಿಡಿ.

*

ಪ್ರಶ್ನೆ: ಸರಕು ಹೊತ್ತು ತಲುಪಿಸುವ ‘ಡೆತ್ ಸ್ಟ್ರ್ಯಾಂಡಿಂಗ್’ ಆಟ ಆಡುತ್ತಿದ್ದೇನೆ. ಹೊಳೆ ದಾಟುವಾಗಲೆಲ್ಲ ಹೊರೆಯ ಸಮೇತ ಕೊಚ್ಚಿಕೊಂಡು ಹೋಗುತ್ತೇನೆ. ಕಿರಿದಾದ ಜಾಗವನ್ನೇ ಹುಡುಕಿ ಇಳಿದರೂ ಹೀಗಾಗುತ್ತಿದೆ.
— ಓದುಗರು, ಮುಂಡರಗಿ

ಉತ್ತರ: ಕಿರಿದಾದ ಜಾಗವನ್ನು ಹುಡುಕಿ ಇಳಿದದ್ದೇ ತೊಂದರೆಗೆ ಕಾರಣ. ತುಂಗಭದ್ರೆಯ ದಂಡೆಯ ತಾಲ್ಲೂಕಿನವರು ನೀವು. ಹೊಳೆ ಬಂಡೆಗಳ ನಡುವೆ ಇಕ್ಕಟ್ಟಾದಲ್ಲಿ ನೀರು ಆಳವೂ ಆಗುತ್ತದೆ, ಸೆಳೆತವೂ ಹೆಚ್ಚುತ್ತದೆ, ಹರವಾಗಿ ಹರಡಿದಲ್ಲಿ ಮೊಳಕಾಲುದ್ದ ಉಳಿಯುತ್ತದೆ ಎಂಬುದನ್ನು ಊರಿನ ಹಿರಿಯರನ್ನು ಕೇಳಿದರೂ ಹೇಳುತ್ತಾರೆ. 2019ರ ಈ ಆಟ, ಇದೂ ಕೊಜಿಮಾ ಅವರದೇ, ಆ ತಿಳಿವಳಿಕೆಯನ್ನು ಹಾಗೆಯೇ ಉಳಿಸಿಕೊಂಡಿದೆ. ಹೆಗಲ ಮೇಲಿನ ಸ್ಕ್ಯಾನರ್ ಬಳಸಿದರೆ ನೀರಿನ ಮೇಲೆ ಗುರುತುಗಳು ಮೂಡುತ್ತವೆ. ನೀಲಿ ಇದ್ದಲ್ಲಿ ನಡೆದು ಹೋಗಬಹುದು, ಹಳದಿ ಇದ್ದಲ್ಲಿ ತ್ರಾಣ ಕಳೆದುಕೊಳ್ಳುತ್ತೀರಿ, ಕೆಂಪು ಇದ್ದಲ್ಲಿ ಕೊಚ್ಚಿಹೋಗುತ್ತೀರಿ. ನೂರು ಮಾರು ಸುತ್ತಾದರೂ ಚಿಂತೆಯಿಲ್ಲ, ನೀಲಿ ಗುರುತುಗಳು ಒಂದಕ್ಕೊಂದು ಸೇರಿ ಆಚೆ ದಡ ಮುಟ್ಟುವ ಕಡೆಯೇ ಇಳಿಯಿರಿ. ಆ ಆಟದ ಎತ್ತರದ ಹುಲ್ಲಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತರೆ ಸರಕು ಕಸಿಯುವವರ ಕಣ್ಣು ತಪ್ಪಿಸಬಹುದು ಎಂಬುದನ್ನೂ ನೆನಪಿಡಿ. ಆದರೆ ಬೆನ್ನ ಮೇಲೆ ಮೂಟೆಗಳನ್ನು ಗೋಪುರದಂತೆ ಪೇರಿಸಿಕೊಂಡರೆ ಹುಲ್ಲು ನಿಮ್ಮನ್ನು ಮುಚ್ಚಬಹುದು, ಮೂಟೆಯನ್ನು ಮುಚ್ಚಲಾರದು.

*

ಪ್ರಶ್ನೆ: ‘ಸ್ನೇಕ್ ಈಟರ್’ನ ಮುದುಕ ಬಂದೂಕುಧಾರಿ ‘ದಿ ಎಂಡ್’ ಜೊತೆಗಿನ ಕಾಳಗದಲ್ಲಿ ಎರಡು ಗಂಟೆ ಅಲೆದಾಡಿದರೂ ಅವನು ಕಾಣಲಿಲ್ಲ. ಕಾಡು ಅಷ್ಟು ದೊಡ್ಡದು. ರಾಡಾರ್ ಯಾಕೆ ಇಟ್ಟಿಲ್ಲ?
— ಬ್ಯಾಂಕ್ ಉದ್ಯೋಗಿ, ಹಾವೇರಿ

ಉತ್ತರ: ರಾಡಾರ್ ಇಡದಿರುವುದೇ ಈ ಆಟದ ಹೆಚ್ಚುಗಾರಿಕೆ ಎಂದು ನಾನು ನಂಬಿದ್ದೇನೆ. ಇದಕ್ಕೆ ಮೊದಲಿನ ಎರಡು ಆಟಗಳಲ್ಲಿ ತೆರೆಯ ಮೂಲೆಯಲ್ಲಿ ಕಾವಲುಗಾರರೆಲ್ಲ ಚುಕ್ಕೆಗಳಾಗಿ ಕಾಣುತ್ತಿದ್ದರು, ಆಟಗಾರರು ಕಟ್ಟಡವನ್ನು ಬಿಟ್ಟು ಆ ಚುಕ್ಕೆಗಳನ್ನೇ ನೋಡುತ್ತಿದ್ದರು. ಮೂರನೆಯ ಆಟಕ್ಕೆ ಕಾಡಿಗೆ ಬಂದಾಗ ಆ ರಾಡಾರನ್ನು ತೆಗೆದುಹಾಕಿ, ಬ್ಯಾಟರಿ ತಿನ್ನುವ ಸಣ್ಣ ಸಾಧನಗಳನ್ನು ಕೊಟ್ಟರು. ಅವುಗಳಲ್ಲಿ ಪ್ರತಿಯೊಂದಕ್ಕೂ ಒಂದು ಕೊರತೆ ಇದೆ. ಮೋಷನ್ ಡಿಟೆಕ್ಟರ್ ಚಲಿಸುವವರನ್ನು ಮಾತ್ರ ತೋರಿಸುತ್ತದೆ. ಅಡಗಿ ಕುಳಿತ ಬಂದೂಕುಧಾರಿಯ ಮುಂದೆ ಅದು ಕುರುಡು. ಸೋನಾರ್ ಸುತ್ತಲಿನ ಜೀವಿಗಳನ್ನು ತೋರಿಸುತ್ತದೆ, ಆದರೆ ಅದು ಹೊರಡಿಸುವ ಸದ್ದು ಶತ್ರುವಿಗೂ ಕೇಳುತ್ತದೆ. ಹೀಗಾಗಿ ಕೊನೆಗೆ ನೆಲದ ಕಡೆಗೇ ನೋಡಬೇಕಾಗುತ್ತದೆ.

ನಿಮಗೆ ಬೇಕಾದದ್ದು ಶಾಖವನ್ನು ಕಾಣಿಸುವ ಥರ್ಮಲ್ ಕನ್ನಡಕ. ಅದನ್ನು ಹಾಕಿಕೊಂಡು, ಆ ಕಾಳಗ ನಡೆಯುವ ಸೊಕ್ರೊವೆನ್ನೊ ಕಾಡಿನಲ್ಲಿ ತಲೆ ತಗ್ಗಿಸಿ ನಡೆಯಿರಿ. ಅವನು ಇತ್ತೀಚೆಗೆ ನಡೆದು ಹೋದ ಕಡೆ ಹೆಜ್ಜೆ ಗುರುತುಗಳು ಬೆಳಗುತ್ತವೆ. ಗುರುತು ಯಾವ ಕಡೆಗೆ ತಿರುಗಿದೆ, ಎಲ್ಲಿ ನಿಂತುಹೋಗಿದೆ ಎಂಬುದನ್ನು ಅನುಸರಿಸಿ ಹೋದರೆ ಅವನ ಬೆನ್ನ ಹಿಂದೆಯೇ ತಲುಪಬಹುದು. ಜೊತೆಗೆ ದಿಕ್ಕು ಹಿಡಿಯುವ ಮೈಕನ್ನು ಒಂದೊಂದೇ ಕಡೆಗೆ ತಿರುಗಿಸಿ ಕೇಳಿದರೆ ಆ ಮುದುಕನ ಉಸಿರಾಟ ಕಿವಿಗೆ ಬೀಳುತ್ತದೆ. ಎರಡು ಗಂಟೆ ಅಲೆದಾಡಿದ್ದು ವ್ಯರ್ಥವಲ್ಲ. ಅಷ್ಟು ಹೊತ್ತಿನಲ್ಲಿ ಆ ಕಾಡಿನ ದಿಣ್ಣೆ, ಹಳ್ಳ, ದಟ್ಟ ಪೊದೆಗಳೆಲ್ಲ ನಿಮಗೆ ಪರಿಚಯವಾಗಿರುತ್ತವೆ. ಅವನು ಕುಳಿತು ಗುರಿ ಹಿಡಿಯಬಲ್ಲ ಜಾಗಗಳು ಎಣಿಕೆಗೆ ಸಿಗುವಷ್ಟೇ ಇವೆ, ಅವು ಎಲ್ಲವೂ ಮುಂದಿನ ಬಯಲು ಚೆನ್ನಾಗಿ ಕಾಣುವ ಜಾಗಗಳು. ಬೇಟೆಗಾರ ಎಲ್ಲಿ ಕೂರುತ್ತಾನೆ ಎಂದು ಕೇಳಿಕೊಳ್ಳುವ ಬದಲು, ನಾನೇ ಬೇಟೆಗಾರನಾಗಿದ್ದರೆ ಈ ನೆಲದಲ್ಲಿ ಎಲ್ಲಿ ಕೂರುತ್ತಿದ್ದೆ ಎಂದು ಕೇಳಿಕೊಳ್ಳಿ.

ಹೆಜ್ಜೆ ಗುರುತು ಎರಡೂ ಕಡೆ ಹರಿತವಿರುವ ಚಾಕು. ಇದೇ ಸರಣಿಯ 1998ರ ಮೊದಲ ‘ಸಾಲಿಡ್’ ಆಟದಲ್ಲಿ ಹಿಮದ ಮೇಲೆ ನಡೆದರೆ ನಿಮ್ಮ ಹೆಜ್ಜೆಗಳು ಮೂಡಿ, ಕಾವಲುಗಾರ ಅವುಗಳನ್ನು ಹಿಡಿದುಕೊಂಡು ನೀವು ಅಡಗಿದ ಮೂಲೆಗೇ ಬರುತ್ತಿದ್ದ. 2020ರ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ರಲ್ಲಿ ಗುರುತಿನ ಬದಲು ವಾಸನೆ ಉಳಿಯುತ್ತದೆ. ಎಷ್ಟು ಎತ್ತರದ ಹುಲ್ಲಿನಲ್ಲಿ ಮಲಗಿದರೂ ನಾಯಿ ಆ ಜಾಡು ಹಿಡಿದು ಬರುತ್ತದೆ. ಅಂಥ ಆಟಗಳಲ್ಲಿ ಒಂದೇ ಪೊದೆಯಲ್ಲಿ ಬಹಳ ಹೊತ್ತು ಕೂರುವುದು ಅಪಾಯ. ಬಾಟಲಿಯನ್ನೋ ಇಟ್ಟಿಗೆಯನ್ನೋ ಬೇರೆ ದಿಕ್ಕಿಗೆ ಎಸೆದು, ನಾಯಿ ಅತ್ತ ತಿರುಗಿದಾಗ ಜಾಗ ಬದಲಿಸಬೇಕು.

*

ಪ್ರಶ್ನೆ: ಕಾಡಿನಲ್ಲಿ ಹೇಗೋ ಬಂದೆ. ‘ಸ್ನೇಕ್ ಈಟರ್’ನ ಕ್ರಾಸ್ನೊಗೊರ್ಯೆ ಬೆಟ್ಟದಲ್ಲಿ ಹುಲ್ಲೂ ಇಲ್ಲ, ಪೊದೆಯೂ ಇಲ್ಲ, ಮೇಲೆ ಹೆಲಿಕಾಪ್ಟರ್ ಬೇರೆ. ಅಡಗುವುದು ಎಲ್ಲಿ?
— ಓದುಗರು, ಶಿರಹಟ್ಟಿ

ಉತ್ತರ: ನಿಮ್ಮ ಊರಿನಿಂದ ಕಪ್ಪತಗುಡ್ಡ ದೂರವಿಲ್ಲ. ಅಲ್ಲಿಗೆ ಬೇಸಿಗೆಯಲ್ಲಿ ಹೋದಾಗ ದನ ಕಾಯುವವರು ಮಧ್ಯಾಹ್ನ ಎಲ್ಲಿ ಕುಳಿತಿರುತ್ತಾರೆ ಎಂದು ಗಮನಿಸಿದ್ದೀರಾ? ಬೋಳು ಗುಡ್ಡದಂತೆ ಕಾಣುವ ಜಾಗದಲ್ಲಿಯೂ ಅವರಿಗೆ ಒಂದು ಬಂಡೆಯ ಸಂದು, ಮಳೆನೀರು ಕೊರೆದ ಒಂದು ಕೊರಕಲು, ಇಳಿಜಾರಿನ ಒಂದು ತಿರುವು ಸಿಕ್ಕಿಯೇ ಸಿಗುತ್ತದೆ. ಹತ್ತಿರ ಹೋಗುವವರೆಗೂ ಅವರು ಕಾಣುವುದಿಲ್ಲ. ಅಲ್ಲಿ ಹುಲ್ಲಿನ ಕೆಲಸವನ್ನು ನೆಲದ ಏರಿಳಿತವೇ ಮಾಡುತ್ತದೆ.

ಕ್ರಾಸ್ನೊಗೊರ್ಯೆಯಲ್ಲಿ ಹಸಿರು ಬಟ್ಟೆಗಳನ್ನು ತೆಗೆದಿಡಿ. ಕಲ್ಲಿನ ಬಣ್ಣಕ್ಕೆ ಹತ್ತಿರವಾದ ಬೂದು, ಕಂದು ಬಟ್ಟೆಗಳನ್ನು ಒಂದೊಂದಾಗಿ ತೊಡಿಸಿ, ಬಂಡೆಯ ಮೇಲೆ ಮಲಗಿಸಿ ಮೂಲೆಯ ಸಂಖ್ಯೆಯನ್ನು ನೋಡಿ. ಎರಡು ನಿಮಿಷದ ಈ ಪರೀಕ್ಷೆ ಮುಂದಿನ ಅರ್ಧ ಗಂಟೆಯ ಪರದಾಟವನ್ನು ತಪ್ಪಿಸುತ್ತದೆ. ಇಲ್ಲಿ ಇನ್ನೊಂದು ಮಾತು ಸೇರಿಸಬೇಕು. ಕಾಡಿನಲ್ಲಿ ನಿಮ್ಮನ್ನು ಹುಡುಕುವ ಕಣ್ಣುಗಳು ನಿಮ್ಮ ಮಟ್ಟದಲ್ಲಿಯೇ ಇದ್ದವು. ಬೆಟ್ಟದಲ್ಲಿ ಅವು ಮೇಲಿನಿಂದಲೂ ನೋಡುತ್ತವೆ. ಮುಂದಿನಿಂದ ಮರೆ ಕೊಡುವ ಬಂಡೆ ಮೇಲಿನಿಂದ ಮರೆ ಕೊಡುವುದಿಲ್ಲ. ಆದ್ದರಿಂದ ಬಂಡೆಯ ಪಕ್ಕಕ್ಕಿಂತ ಅದು ಚಾಚಿಕೊಂಡಿರುವ ಕೆಳಭಾಗ ಲೇಸು, ಬಯಲಿಗಿಂತ ತೋಡಿದ ಕಂದಕ ಲೇಸು. ಸೈನ್ಯದಲ್ಲಿ ಗುಡ್ಡದ ನೆತ್ತಿಯ ಮೇಲೆ ನಡೆಯಬಾರದೆಂದು ಕಲಿಸುತ್ತಾರೆ, ಏಕೆಂದರೆ ಹಿಂದೆ ಆಕಾಶ ಬಂದೊಡನೆ ಯಾವ ಬಣ್ಣದ ಬಟ್ಟೆಯೂ ಕೆಲಸಕ್ಕೆ ಬಾರದೆ ಮನುಷ್ಯನ ಆಕಾರ ಕಪ್ಪು ಗೆರೆಯಂತೆ ಎದ್ದು ಕಾಣುತ್ತದೆ. ಆಟದ ಮೂಲೆಯ ಸಂಖ್ಯೆ ಕಾಲ ಕೆಳಗಿನ ನೆಲವನ್ನು ಲೆಕ್ಕ ಹಾಕುತ್ತದೆಯೇ ಹೊರತು ಬೆನ್ನ ಹಿಂದಿನ ಆಕಾಶವನ್ನಲ್ಲ. ಆದರೂ ನೆತ್ತಿಯಿಂದ ಸ್ವಲ್ಪ ಕೆಳಗೆ, ಇಳಿಜಾರಿನಲ್ಲಿಯೇ ಸಾಗುವ ಅಭ್ಯಾಸ ನಿಮ್ಮನ್ನು ಕಾಪಾಡುತ್ತದೆ, ಏಕೆಂದರೆ ನೆತ್ತಿಯ ಮೇಲೆ ನಿಂತವನನ್ನು ಎರಡೂ ಕಡೆಯ ಕಾವಲುಗಾರರು ನೋಡಬಲ್ಲರು, ಇಳಿಜಾರಿನಲ್ಲಿರುವವನನ್ನು ಒಂದು ಕಡೆಯವರು ಮಾತ್ರ.

ಹೆಲಿಕಾಪ್ಟರ್ ಬಂದಾಗ ಓಡಬೇಡಿ. ಹತ್ತಿರದ ಕಂದಕಕ್ಕೆ ಇಳಿದು, ಅದು ಸುತ್ತು ಹಾಕಿ ಮುಖ ತಿರುಗಿಸುವವರೆಗೆ ಕಾಯಿರಿ. ಅದರ ಬೆನ್ನು ಕಂಡ ಮೇಲೆ ಮುಂದಿನ ಬಂಡೆಗೆ ಹೋಗಿ. ತ್ರಾಣದ ಪಟ್ಟಿ ಅರ್ಧಕ್ಕಿಂತ ಕೆಳಗಿದ್ದರೆ ಬೆಟ್ಟ ಹತ್ತುವ ಮೊದಲೇ, ಕಾಡಿನಲ್ಲಿ ಹಿಡಿದಿಟ್ಟುಕೊಂಡದ್ದನ್ನು ತಿನ್ನಿಸಿ. ಹಸಿ ಮಾಂಸವನ್ನು ಬಹಳ ದಿನ ಚೀಲದಲ್ಲಿ ಇಟ್ಟುಕೊಂಡಿದ್ದರೆ ಅದು ಕೆಟ್ಟಿರುತ್ತದೆ, ಅದನ್ನು ಮಾತ್ರ ತಿನ್ನಿಸಬೇಡಿ.